ಊರಿಗೆ ಮರಳಿದ ಯೋಧನ ಮನಸ್ಸು

ರಣದಲ್ಲಿ ಮಡಿದವನಿಗೆ ನಮ್ಮ ಹಿರಿಯರು ವೀರಗಲ್ಲನ್ನು ನಿಲ್ಲಿಸಿದರು. ಕನ್ನಡನಾಡಿನ ಊರೂರಿನಲ್ಲಿ ಇಂಥ ಕಲ್ಲುಗಳನ್ನು ನೀವು ಕಂಡಿರಬಹುದು. ಬದುಕಿ ಹಿಂದಿರುಗಿದವನ ವಿಚಾರದಲ್ಲಿ, ಅವನು ಬಂದನಲ್ಲ, ಅಷ್ಟೇ ಸಾಕು ಎಂದು ಮನೆಯವರು ನೆಮ್ಮದಿಪಡುತ್ತಾರೆ. ಆದರೆ ದೇಹವು ಮನೆ ಸೇರಿದ ದಿನವೇ ಮನಸ್ಸೂ ಸೇರುತ್ತದೆಯೆ?

ಮಹಾಭಾರತವನ್ನು ಬಲ್ಲವರಿಗೆ ಈ ಪ್ರಶ್ನೆ ಹೊಸದಲ್ಲ. ಶಾಂತಿಪರ್ವದ ಮೊದಲಲ್ಲಿ, ಯುದ್ಧ ಗೆದ್ದ ಧರ್ಮರಾಯನೇ ರಾಜ್ಯ ಬೇಡ, ಕಾಡಿಗೆ ಹೋಗುತ್ತೇನೆ ಎನ್ನುತ್ತಾನೆ. ಕರ್ಣನು ತನ್ನ ಅಣ್ಣನೆಂದು ತಿಳಿಯದೆ ಕೊಲ್ಲಿಸಿದ ಕೊರಗು ಅವನನ್ನು ಸುಡುತ್ತಿರುತ್ತದೆ. ತಮ್ಮಂದಿರೂ ದ್ರೌಪದಿಯೂ ಆಕ್ಷೇಪಿಸಿ ನುಡಿದರು, ಕೊರಗು ಇಳಿಯಲಿಲ್ಲ. ಶರಶಯ್ಯೆಯಲ್ಲಿದ್ದ ಭೀಷ್ಮನ ಬಳಿ ಕುಳಿತು ಬಹುಕಾಲ ಮಾತನಾಡಬೇಕಾಯಿತು. ಗದರಿಕೆಯಿಂದ ಗುಣವಾಗದ ನೋವೊಂದುಂಟೆಂದು ಆ ಕವಿ ಅರಿತಿದ್ದನು.

ವೈದ್ಯಶಾಸ್ತ್ರವು ಅದನ್ನು ಅರಿತದ್ದು ತಡವಾಗಿ. ಒಂದನೆಯ ಮಹಾಯುದ್ಧದಲ್ಲಿ ಮೈಮೇಲೆ ಗಾಯವಿಲ್ಲದ ಸೈನಿಕರು ನಡುಗುತ್ತ ಆಸ್ಪತ್ರೆಗೆ ಬಂದರು. ಕೆಲವರಿಗೆ ಮಾತು ನಿಂತಿತ್ತು, ಕೆಲವರಿಗೆ ಕಣ್ಣು ಕಾಣದಾಗಿತ್ತು. 1915ರಲ್ಲಿ ಚಾರ್ಲ್ಸ್ ಮಯರ್ಸ್ ಎಂಬ ಇಂಗ್ಲಿಷ್ ವೈದ್ಯನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದನ್ನು 'ಷೆಲ್ ಷಾಕ್' ಎಂಬ ಹೆಸರಿನಿಂದ ವರ್ಣಿಸಿದನು. ಫಿರಂಗಿಯ ಗುಂಡು ಸಿಡಿದ ಹೊಡೆತಕ್ಕೆ ಮಿದುಳು ಅದುರಿರಬೇಕೆಂಬುದು ಮೊದಲ ಊಹೆ. ಗುಂಡು ಹತ್ತಿರದಲ್ಲಿ ಸಿಡಿಯದವರಲ್ಲಿಯೂ ಅದೇ ಲಕ್ಷಣಗಳು ಕಂಡುದರಿಂದ ಆ ಊಹೆ ನಿಲ್ಲಲಿಲ್ಲ. ಸ್ಕಾಟ್ಲೆಂಡಿನ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಡಾಕ್ಟರ್ ರಿವರ್ಸ್, ಕಂಡುದನ್ನು ಮರೆತುಬಿಡಿ ಎನ್ನದೆ, ಅದನ್ನು ಬಾಯಿಬಿಟ್ಟು ಹೇಳಿಕೊಳ್ಳಲು ರೋಗಿಗಳಿಗೆ ನೆರವಾದನು. ಅದೇ ಯುದ್ಧದಲ್ಲಿ ಪಲಾಯನ, ಹೇಡಿತನ ಮೊದಲಾದ ಅಪರಾಧಗಳಿಗಾಗಿ ಬ್ರಿಟಿಷ್ ಸೇನೆ ಗುಂಡಿಕ್ಕಿ ಕೊಂದ ತನ್ನದೇ ಸೈನಿಕರಲ್ಲಿ ಈ ಬೇನೆಯವರೂ ಇದ್ದರು. ಅಂಥ 306 ಮಂದಿಗೆ ಮರಣೋತ್ತರ ಕ್ಷಮಾದಾನ ದೊರೆತದ್ದು 2006ರಲ್ಲಿ! ಅಷ್ಟರಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದವರ ಪಾಡನ್ನು ಕಂಡ ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ಇದಕ್ಕೆ ಪಿ.ಟಿ.ಎಸ್.ಡಿ. ಎಂದು ಹೆಸರಿಟ್ಟಿತ್ತು. ಆಘಾತ ಕಳೆದ ಮೇಲೂ ಕಳೆಯದೆ ಉಳಿಯುವ ಒತ್ತಡದ ಬೇನೆ ಎಂದು ಇದರ ತಾತ್ಪರ್ಯ.

ಇದು ಹುಟ್ಟುವ ಬಗೆ ಹೇಗೆ? ಗಡಿಯಲ್ಲಿ ಸಪ್ಪಳವಾದೊಡನೆ ನೆಲಕ್ಕೊರಗುವವನು ಉಳಿಯುತ್ತಾನೆ. ಯೋಚಿಸುತ್ತ ನಿಂತವನು ಉಳಿಯುವುದು ಕಷ್ಟ. ಆ ಪಾಠವನ್ನು ಮೈಯೇ ಕಲಿಯುತ್ತದೆ, ಊರಿಗೂ ಹೊತ್ತು ತರುತ್ತದೆ. ಆದುದರಿಂದಲೇ ದೀಪಾವಳಿಯ ಪಟಾಕಿಗೆ ಅವನು ಬೆಚ್ಚುತ್ತಾನೆ, ನಿದ್ದೆಯಲ್ಲಿ ಚೀರುತ್ತಾನೆ, ಸಂತೆ ಜಾತ್ರೆಗಳಿಗೆ ಬರಲೊಲ್ಲನು, ಬಾಗಿಲಿಗೆ ಬೆನ್ನು ಹಾಕಿ ಕೂರಲಾರನು. ಸಣ್ಣ ಮಾತಿಗೂ ಹೆಂಡತಿ ಮಕ್ಕಳ ಮೇಲೆ ರೇಗಬಹುದು, ಇಲ್ಲವೆ ಯಾರ ಮೇಲೂ ಮಮತೆಯೇ ಇಲ್ಲದವನಂತೆ ಸುಮ್ಮನಾಗಬಹುದು. ನಿದ್ದೆಗೆಂದು ಹಿಡಿದ ಕ್ಯಾಂಟೀನಿನ ರಮ್ಮು ಚಟವಾಗುವುದೂ ಉಂಟು. ಇಂಥವು ಒಂದು ತಿಂಗಳನ್ನೂ ಮೀರಿ ನಿಂತರೆ ವೈದ್ಯರಿಗೆ ತೋರಿಸಬೇಕು.

ಎಲ್ಲ ಸೈನಿಕರಿಗೂ ಈ ಬೇನೆ ಬರುವುದಿಲ್ಲ. ಹೆಚ್ಚಿನವರು ಸುಖವಾಗಿಯೇ ಬಾಳುತ್ತಾರೆ. ಆದರೆ ಗುಂಡಿನ ಸದ್ದನ್ನೇ ಕೇಳದೆ ಬಂದವನಿಗೂ ಬೇರೊಂದು ಕಷ್ಟವುಂಟು. 15 ವರ್ಷ ದುಡಿದ ಸಿಪಾಯಿ ಪಿಂಚಣಿ ಪಡೆದು ಬರುವಾಗ ಅವನ ವಯಸ್ಸು ಮೂವತ್ತೈದರ ಆಸುಪಾಸು. 2022ರ ಅಗ್ನಿಪಥ ಯೋಜನೆಯಲ್ಲಿ ಸೇರಿದವರಂತೂ ನಾಲ್ಕೇ ವರ್ಷಗಳ ಸೇವೆಗೆ ಸೇರಿದವರು. ಪಲ್ಟನ್ನಿನಲ್ಲಿ ಏಳುವ ಹೊತ್ತು, ಉಣ್ಣುವ ಹೊತ್ತು ಗೊತ್ತಾಗಿತ್ತು; ಪ್ರಾಣಕ್ಕೆ ಪ್ರಾಣ ಕೊಡುವ ಜೊತೆಗಾರರಿದ್ದರು; ಸಮವಸ್ತ್ರಕ್ಕೆ ಗೌರವವಿತ್ತು. ಊರಿನಲ್ಲಿ ಬೆಳಗಾದರೆ ಮಾಡಲು ಕೆಲಸವಿಲ್ಲ, ಮಾತಿಗೆ ಸರಿಕರಿಲ್ಲ. 'ಮುಂದೇನು ಮಾಡ್ತೀಯಪ್ಪ?' ಎಂದು ನೆಂಟರು ಕೇಳುವ ಪ್ರಶ್ನೆ ದಿನವೂ ಚುಚ್ಚುತ್ತದೆ.

ಇಂಥವನು ನಿಮ್ಮ ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಇದ್ದರೆ ನೀವು ಮಾಡಬಹುದಾದುದು ಬಹಳವಿದೆ. ಮಿಲಿಟರಿಯವನಾಗಿ ಹೀಗೆ ಅಂಜುವುದೆ ಎಂದು ಹೀಯಾಳಿಸಬೇಡಿ. ಎಷ್ಟು ಜನರನ್ನು ಕೊಂದೆ ಎಂದು ಕುತೂಹಲಕ್ಕೆ ಕೆದಕಬೇಡಿ. ಅವನಾಗಿ ಹೇಳತೊಡಗಿದರೆ ನಡುವೆ ಬಾಯಿ ಹಾಕದೆ ಕೇಳಿರಿ. ದಿನಕ್ಕೊಂದು ನಿಯತವಾದ ಕೆಲಸವಿರಲಿ. ಹಳೆಯ ಜೊತೆಗಾರರ ಒಡನಾಟ ತಪ್ಪದಿರಲಿ. ಮದುವೆ ಮಾಡಿದರೆ ಸರಿಹೋಗುತ್ತದೆಂದು ಅರಿಯದ ಹೆಣ್ಣೊಬ್ಬಳ ತಲೆಗೆ ಈ ಭಾರವನ್ನು ಕಟ್ಟುವುದು ಇಬ್ಬರಿಗೂ ಅನ್ಯಾಯ. ಬದುಕು ಸಾಕೆಂಬ ಮಾತು ಅವನ ಬಾಯಲ್ಲಿ ಬಂದರೆ ಅದನ್ನು ಬರಿಯ ಮಾತೆಂದು ತಳ್ಳಿಹಾಕಬೇಡಿ. ಒಂಟಿಯಾಗಿ ಬಿಡದೆ ಆಗಲೇ ನೆರವು ಕೋರಿರಿ.

ನೆರವು ದೂರವಿಲ್ಲ. ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳು ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿದ್ದಾರೆ. ಪಿಂಚಣಿ ಪಡೆಯುವ ಮಾಜಿ ಸೈನಿಕರಿಗೆ 2003ರಲ್ಲಿ ಆರಂಭವಾದ ಇ.ಸಿ.ಎಚ್.ಎಸ್. ಚಿಕಿತ್ಸಾಲಯಗಳಿವೆ. ಬಲ್ಲವರೊಡನೆ ಕ್ರಮವಾಗಿ ನಡೆಸುವ ಮಾತಿನ ಚಿಕಿತ್ಸೆಯಿಂದಲೂ ಬೇಕಾದಲ್ಲಿ ಔಷಧಿಯಿಂದಲೂ ಈ ಬೇನೆ ಬಹುಮಟ್ಟಿಗೆ ಹಿಡಿತಕ್ಕೆ ಬರುತ್ತದೆ.

ಕಾಲಿಗೆ ಗುಂಡು ತಗುಲಿದವನನ್ನು ನಾವು ಹೇಡಿ ಎನ್ನುವುದಿಲ್ಲ, ಆಸ್ಪತ್ರೆಗೆ ಕರೆದೊಯ್ಯುತ್ತೇವೆ. ಮನಸ್ಸಿಗೆ ಪೆಟ್ಟು ಬಿದ್ದವನಿಗೂ ಅಷ್ಟನ್ನೇ ಮಾಡಿದರೆ ಸಾಕು.