ಹಂದಿಯ ಲೈಸೋಜೈಮ್ ಹುಡುಕೋ ಆಂಟಿಬಾಡಿ: ಲೇಬಲ್ ನೋಡಿ ನಂಬಬಹುದಾ?

ಇವತ್ತಿನ ಎಪಿಸೋಡ್ ನಮ್ಮ ಕಣ್ಣೀರು, ಎಂಜಲಲ್ಲಿ ಇರೋ ಒಂದು ಕಿಣ್ವದ ಬಗ್ಗೆ. ಹೆಸರು ಲೈಸೋಜೈಮ್. ಹಂದಿಗಳಲ್ಲೂ ಇದೆ. 1922ರಲ್ಲಿ ಇದನ್ನ ಜಗತ್ತಿಗೆ ತಿಳಿಸಿದ್ದು ಅಲೆಕ್ಸಾಂಡರ್ ಫ್ಲೆಮಿಂಗ್. ಹೌದು, ಪೆನಿಸಿಲಿನ್ ಫ್ಲೆಮಿಂಗೇ. ಆದ್ರೆ ಇದು ಸಿಕ್ಕಿದ್ದು ನೆಗಡಿಯ ಸಿಂಬಳದಲ್ಲಿ! ಬ್ಯಾಕ್ಟೀರಿಯಾದ ಹೊರಗೋಡೆ ಸಕ್ಕರೆ ಸರಪಳಿಗಳಿಂದ ಹೆಣೆದ ಬಲೆ ಥರ ಇರುತ್ತೆ. ಲೈಸೋಜೈಮ್ ಆ ಸರಪಳಿಯ ಕೊಂಡಿ ಕತ್ತರಿಸುತ್ತೆ.

ಹಂದಿಯಲ್ಲಿ ಇದನ್ನ ಯಾಕೆ ಅಳೀಬೇಕು? ತಾಯಿ ಹಾಲು ಬಿಡಿಸಿದ ಮರಿಗಳಿಗೆ ಭೇದಿ ಶುರುವಾಗೋದು ಹಂದಿ ಸಾಕೋರಿಗೆ ದೊಡ್ಡ ತಲೆನೋವು. ಅದಕ್ಕೇ ಮೇವಲ್ಲಿ ಆಂಟಿಬಯೋಟಿಕ್ ಬೆರೆಸೋ ರೂಢಿ ಬೆಳೀತು. 2015ರಲ್ಲಿ ಚೀನಾದ ವಿಜ್ಞಾನಿಗಳು ಕೊಲಿಸ್ಟಿನ್‌ಗೆ ಜಗ್ಗದ ಎಂಸಿಆರ್-1 ಅನ್ನೋ ಜೀನ್ ಹಂದಿಗಳ ಬ್ಯಾಕ್ಟೀರಿಯಾದಲ್ಲೂ ಆಸ್ಪತ್ರೆ ರೋಗಿಗಳಲ್ಲೂ ಇರೋದನ್ನ ವರದಿ ಮಾಡಿದರು. ಕೊಲಿಸ್ಟಿನ್ ಅಂದ್ರೆ ವೈದ್ಯರ ಕೊನೇ ಅಸ್ತ್ರಗಳಲ್ಲಿ ಒಂದು. 2019ರಲ್ಲಿ ಭಾರತವೂ ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಅದನ್ನ ನಿಷೇಧಿಸಿತು. ಹಾಗಾಗಿ ಪರ್ಯಾಯ ಹುಡುಕಾಟ ನಡೀತಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನಲ್ಲಿ ಮನುಷ್ಯರ ಲೈಸೋಜೈಮ್ ಇರೋ ಹಾಲು ಕೊಡೋ ಮೇಕೆಗಳನ್ನ ಜೀನ್ ಬದಲಿಸಿ ಬೆಳೆಸಿದರು. ಆ ಹಾಲು ಕುಡಿದ, ಭೇದಿ ಹತ್ತಿದ್ದ ಹಂದಿಮರಿಗಳು ಬೇಗ ಚೇತರಿಸಿಕೊಂಡವು.

ಈಗ ಅಸಲಿ ಪ್ರಶ್ನೆ. ಅಂಥ ಮರಿಯ ಕರುಳಲ್ಲಿ ಸಿಕ್ಕ ಲೈಸೋಜೈಮ್ ಹಂದೀದಾ, ಮನುಷ್ಯರದ್ದಾ? ಅದನ್ನ ಹೇಳಬೇಕಾದ್ದು ಆಂಟಿಬಾಡಿ. ಒಂದು ಪ್ರೋಟೀನನ್ನ ಮೊಲಕ್ಕೆ ಚುಚ್ಚಿದ್ರೆ, ಅದರ ಆಕಾರ ಹಿಡಿಯೋ ಆಂಟಿಬಾಡಿಗಳು ಮೊಲದ ರಕ್ತದಲ್ಲಿ ಹುಟ್ಟುತ್ತವೆ. ಅವನ್ನ ತೆಗೆದು ಸ್ಯಾಂಪಲ್‌ಗೆ ಹಾಕಿ, ಬಣ್ಣ ಎಷ್ಟು ಗಾಢ ಬಂತು ಅಂತ ಅಳೀತಾರೆ. ಹಂದಿಯ ಲೈಸೋಜೈಮ್ ಮನುಷ್ಯರದಕ್ಕೆ ಅಣ್ಣತಮ್ಮನ ಥರ, ಪಡಿಯಚ್ಚಲ್ಲ. ಮನುಷ್ಯರದ್ದಕ್ಕೆ ತಯಾರಾದ ಆಂಟಿಬಾಡಿ ಹಂದಿಯದನ್ನ ಪೂರ್ತಿ ಹಿಡೀಬಹುದು, ಹಿಡೀದೇ ಇರಬಹುದು, ಅರ್ಧಂಬರ್ಧ ಹಿಡೀಬಹುದು. ನನ್ನ ಪ್ರಕಾರ ಅರ್ಧಂಬರ್ಧವೇ ಅಪಾಯ. ಬಣ್ಣವೇ ಬರದಿದ್ರೆ ಅನುಮಾನ ಬರುತ್ತೆ. ಮಸುಕಾಗಿ ಬಂದ್ರೆ "ಈ ಹಂದೀಲಿ ಕಡಿಮೆ ಇದೆ" ಅಂತ ವರದಿ ಬರೆದುಬಿಡ್ತಾರೆ.

ಬಿಕಾಂ ಓದಿದ ನನಗೆ ಇದು ಪಕ್ಕಾ ಆಡಿಟ್ ಕೆಲಸ. ಲೇಬಲ್ ಮೇಲೆ "ಹಂದಿ" ಅಂತ ಇದ್ರೆ ಸಾಲದು, ವೋಚರ್ ಬೇಕು. ಸ್ಯಾಂಪಲ್‌ನ ಪ್ರೋಟೀನುಗಳನ್ನ ಗಾತ್ರದ ಪ್ರಕಾರ ಬೇರ್ಪಡಿಸಿದಾಗ ಪಟ್ಟಿ ಸುಮಾರು 14 ಕಿಲೋಡಾಲ್ಟನ್ ಹತ್ತಿರ ಬರಬೇಕು. 40ರ ಹತ್ತಿರ ಬಂದ್ರೆ ಆಂಟಿಬಾಡಿ ಬೇರೆ ಯಾರನ್ನೋ ಹಿಡಿದಿದೆ. ಶುದ್ಧ ಹಂದಿ ಲೈಸೋಜೈಮನ್ನ ಮೊದಲೇ ಆಂಟಿಬಾಡಿ ಜೊತೆ ಬೆರೆಸಿಟ್ರೆ ಸಿಗ್ನಲ್ ಬಿದ್ದುಹೋಗಬೇಕು. ಹೋಲಿಕೆಗೆ ಇಡೋ ಸ್ಟ್ಯಾಂಡರ್ಡ್ ಕೂಡ ಹಂದೀದೇ ಆಗಿರಬೇಕು.

ಇದು ಸಣ್ಣ ದುಡ್ಡಿನ ವಿಷಯ ಅಲ್ಲ. ಅದೇ 2015ರಲ್ಲಿ ನೂರಕ್ಕೂ ಹೆಚ್ಚು ವಿಜ್ಞಾನಿಗಳು 'ನೇಚರ್' ಪತ್ರಿಕೆಯಲ್ಲಿ, ಸರಿಯಾಗಿ ಕೆಲಸ ಮಾಡದ ಆಂಟಿಬಾಡಿಗಳಿಂದ ಭಾರೀ ಹಣ ಪೋಲಾಗ್ತಿದೆ, ಗುಣಮಟ್ಟಕ್ಕೆ ನಿಯಮ ಬೇಕು ಅಂತ ಒತ್ತಾಯಿಸಿದ್ರು.

ಇನ್ನೊಂದು ತಮಾಷೆ ಇದೆ. ಬ್ಯಾಕ್ಟೀರಿಯಾ ಒಡೆಯೋಕೆ ಲ್ಯಾಬ್‌ಗಳು ಕೋಳಿಮೊಟ್ಟೆಯ ಲೈಸೋಜೈಮನ್ನೇ ದ್ರಾವಣಕ್ಕೆ ಹಾಕ್ತವೆ. ಅದು ಹಂದಿಯ ಸ್ಯಾಂಪಲ್‌ಗೆ ಸೇರಿ, ಆಂಟಿಬಾಡಿ ಅದನ್ನೂ ಹಿಡಿದ್ರೆ, ಅಳೆದದ್ದು ಹಂದೀನಲ್ಲ, ಮೊಟ್ಟೇನ!