ಒಂದೇ ಕಥೆ, ಮೂರು ಮನೆ

2018ರಲ್ಲಿ ಸ್ಟಾರ್ ಸುವರ್ಣದಲ್ಲಿ ‘ಮುದ್ದುಲಕ್ಷ್ಮಿ’ ಧಾರಾವಾಹಿ ಶುರುವಾದಾಗ, ಅದರ ನಾಯಕ ಡಾಕ್ಟರ್ ಮುಂದೆ ಹೆಂಡತಿಯ ಮೇಲೆ ಅನುಮಾನಪಡುತ್ತಾನೆ ಅಂತ ನನಗೆ ಆಗಲೇ ಗೊತ್ತಿತ್ತು. ಹೇಳಿದ್ದು ಪಕ್ಕದ ಮನೆಯ ಮಲಯಾಳಿ ಚೇಚಿ. ಅದೇ ಕಥೆಯನ್ನು ಅವರು 2014ರಿಂದ ಏಷ್ಯಾನೆಟ್‌ನಲ್ಲಿ ‘ಕರುತ್ತಮುತ್ತು’ ಅಂತ ನೋಡುತ್ತಿದ್ದರು. 2019ರಲ್ಲಿ ಸ್ಟಾರ್ ವಿಜಯ್‌ನಲ್ಲಿ ಅದೇ ಕಥೆ ತಮಿಳಿನಲ್ಲಿ ‘ಭಾರತಿ ಕಣ್ಣಮ್ಮ’ ಆಗಿ ಬಂತು. ಟೀ ಎಲೆ ಕೀಳಲು ಹೋಗುವ ಎದುರುಮನೆ ಅಕ್ಕ ಒಂದು ಕಂತೂ ಬಿಡದೆ ಅದನ್ನು ಹಿಡಿದರು.

ನೀಲಗಿರಿಯ ನಮ್ಮ ಗೂಡಲೂರು ಇರುವುದೇ ಹಾಗೆ, ಮೂರು ಭಾಷೆಗಳ ನಡುವೆ. ಒಂದು ಕಡೆ ಕೇರಳದ ವಯನಾಡು, ಇನ್ನೊಂದು ಕಡೆ ಮುದುಮಲೆ ಕಾಡು ದಾಟಿದರೆ ಬಂಡೀಪುರ, ಘಾಟಿ ಹತ್ತಿದರೆ ಊಟಿ. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ಮೇರೆಗೆ ಸಿಲೋನಿನಿಂದ ಬಂದು ತೋಟಗಳಲ್ಲಿ ನೆಲೆನಿಂತ ತಮಿಳರ ಮನೆಮಗಳು ಅಕ್ಕ. 2006ರಲ್ಲಿ ತಮಿಳುನಾಡು ಸರ್ಕಾರ ಬಣ್ಣದ ಟಿವಿ ಪುಕ್ಕಟೆ ಹಂಚಲು ಹೊರಟಿತಲ್ಲ, ಅವರ ಮನೆಗೆ ಬಂದ ಮೊದಲ ಟಿವಿ ಅದು. ನಾನು ಗುಂಡ್ಲುಪೇಟೆ ಕಡೆಯಿಂದ ಮದುವೆಯಾಗಿ ಬಂದವಳು, ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಬ್ಲೌಸಿನ ಅಳತೆ ಕೊಡಲು ಬಂದವರು ಹಿಂದಿನ ರಾತ್ರಿಯ ಎಪಿಸೋಡು ಪೂರ್ತಿ ಮಾತಾಡಿಯೇ ಏಳುವುದು.

ಮೂರೂ ಚಾನೆಲ್ಲುಗಳು ಆಗ ಒಂದೇ ಸ್ಟಾರ್ ಬಳಗದವಾಗಿದ್ದವು. ಒಂದು ಭಾಷೆಯಲ್ಲಿ ಗೆದ್ದ ಕಥೆಯನ್ನು ಇನ್ನೊಂದರಲ್ಲಿ ಬೇರೆ ನಟರನ್ನಿಟ್ಟು ಹೊಸದಾಗಿ ತೆಗೆಯುತ್ತಾರೆ. ಹೊಸದಾಗಿ ತೆಗೆಯದೆ ದನಿ ಮಾತ್ರ ಬದಲಿಸುವ ಡಬ್ಬಿಂಗ್‌ಗೆ ಕನ್ನಡದಲ್ಲಿ ದಶಕಗಳ ವಿರೋಧವಿತ್ತು. 2020ರ ಲಾಕ್‌ಡೌನಿನಲ್ಲಿ ಹಿಂದಿಯ ‘ಮಹಾಭಾರತ’ ಧಾರಾವಾಹಿ ಕನ್ನಡದಲ್ಲಿ ಮಾತಾಡಿದ್ದನ್ನು ಜನ ಬೆರಗಾಗಿ ನೋಡಿದರು. ಆದರೆ ಹೊಸದಾಗಿ ತೆಗೆದ ರೀಮೇಕಿನಿಂದ ನಮ್ಮಂಥ ಊರಿಗೆ ಆದ ಲಾಭ ದೊಡ್ಡದು. ಚೇಚಿಗೆ ಮುಂದಿನದು ಗೊತ್ತಿತ್ತು, ನನಗೆ ಅರ್ಧ ಗೊತ್ತಿತ್ತು, ಅಕ್ಕನಿಗೆ ಎಲ್ಲವೂ ಹೊಸತಾಗಿತ್ತು. ಕೇಳದೆ ಮುಂದಿನ ಕಥೆ ಹೇಳಬಾರದು ಅನ್ನುವುದು ನಮ್ಮ ಒಪ್ಪಂದವಾಗಿತ್ತು. ಮಳೆಗಾಲದಲ್ಲಿ ಕರೆಂಟು ಹೋದ ರಾತ್ರಿ ಮಾತ್ರ ಅದಕ್ಕೆ ರಿಯಾಯಿತಿ ಇತ್ತು. ಆಗ ಅಕ್ಕ ಕೊಡೆ ಹಿಡಿದು ಚೇಚಿಯ ಮನೆಗೇ ಬರುತ್ತಿದ್ದರು, ಚೇಚಿ ಅತ್ತೆಯ ದನಿ, ಡಾಕ್ಟರ ದನಿ ಎಲ್ಲ ಮಾಡಿ ತೋರಿಸುತ್ತಿದ್ದರು. ಟಿವಿಯಲ್ಲಿ ನೋಡಿದ್ದಕ್ಕಿಂತ ಅದೇ ನನಗೆ ಚೆನ್ನಾಗಿ ನೆನಪಿದೆ.

ತಮಿಳು ಧಾರಾವಾಹಿಯ ನಾಯಕಿ, ಬಸುರಿ ಕಣ್ಣಮ್ಮ ಬ್ಯಾಗು ಹೆಗಲಿಗೇರಿಸಿ ಮನೆ ಬಿಟ್ಟು ನಡೆದ ದೃಶ್ಯ 2020ರ ಕೊನೆಗೆ ತಮಿಳುನಾಡಿನ ಫೋನುಗಳಲ್ಲೆಲ್ಲ ನಗೆಚಿತ್ರವಾಗಿ ಓಡಾಡಿತು. ಅಕ್ಕ ನಗಲಿಲ್ಲ. “ಹೊಟ್ಟೆ ಹೊತ್ತು ನಡೆದವಳಿಗೆ ಗೊತ್ತು” ಅಂದರು.

ಮೂರೂ ಕಥೆಗಳ ನಾಯಕಿ ಕಪ್ಪು ಹುಡುಗಿ. ಬಣ್ಣಕ್ಕಾಗಿಯೇ ಅವಮಾನ ಉಣ್ಣುವವಳು. ಒಂದು ಮಧ್ಯಾಹ್ನ ಚೇಚಿ ಫೋನಿನಲ್ಲಿ ಪ್ರೇಮಿ ವಿಶ್ವನಾಥ್ ಅವರ ಫೋಟೋ ತೋರಿಸಿದರು. ಮಲಯಾಳದಲ್ಲಿ ಕಾರ್ತಿಕಾ ಎಂಬ ನಾಯಕಿಯ ಪಾತ್ರಕ್ಕೆ ಮೊದಲು ಬಂದ ನಟಿ, ಅದೇ ಕಥೆಯ ತೆಲುಗು ರೂಪ ‘ಕಾರ್ತಿಕ ದೀಪಂ’ನಲ್ಲೂ ಅವರೇ. ಫೋಟೋದಲ್ಲಿ ಬೆಳ್ಳಗಿದ್ದರು, ಧಾರಾವಾಹಿಯ ಕಪ್ಪು ಬಳಿದ ಬಣ್ಣ. ಅಕ್ಕ ಫೋನು ಕೈಗೆ ತೆಗೆದುಕೊಂಡು ನೋಡಿ, “ನನ್ನಂಥ ಕಪ್ಪು ಹುಡುಗಿ ಒಬ್ಬಳೂ ಸಿಗಲಿಲ್ಲವಾ ಇವರಿಗೆ?” ಅಂತ ಕೇಳಿದರು. ನಟನೆ ಅಂದಮೇಲೆ ವೇಷ ಇದ್ದದ್ದೇ ಅಂತ ಚೇಚಿ ವಾದಿಸಿದರು. ಅಕ್ಕ ಬಿಡಲಿಲ್ಲ. ಕಪ್ಪು ಹುಡುಗಿಗೆ ಮರ್ಯಾದೆ ಕೊಡಿ ಅಂತ ಸಾವಿರ ಕಂತು ಹೇಳುವವರು ಆ ಮರ್ಯಾದೆಯ ಕೆಲಸವನ್ನೇ ಅವಳಿಗೆ ಕೊಡಲಿಲ್ಲ ಅನ್ನುವುದು ಅವರ ಸಿಟ್ಟು.

ನಾನು ಅಕ್ಕನ ಪಕ್ಷ. ಇಂಥ ಕಥೆ ಮತ್ತೆ ತೆಗೆಯುವುದಾದರೆ ಬಣ್ಣ ಬಳಿಯುವ ಖರ್ಚು ಉಳಿಸಿ ತೋಟದ ಲೈನುಮನೆಗಳ ಕಡೆ ಬನ್ನಿ, ನಟಿಸಬಲ್ಲ ಹುಡುಗಿಯರು ಇಲ್ಲಿದ್ದಾರೆ.