ವಿದ್ಯುತ್ ಬಸ್: ಲೆಕ್ಕಾಚಾರ ಹೇಗೆ?

ವಿದ್ಯುತ್ ವಾಹನ ನೀತಿಯನ್ನು ದೇಶದಲ್ಲೇ ಮೊದಲಿಗೆ ಪ್ರಕಟಿಸಿದ ರಾಜ್ಯ ಕರ್ನಾಟಕ. ಅದು 2017ರಲ್ಲಿ. ಕೇಂದ್ರವು 2019ರಲ್ಲಿ ಇಂತಹ ವಾಹನಗಳ ಜಿಎಸ್‌ಟಿಯನ್ನು ಶೇ 12ರಿಂದ ಶೇ 5ಕ್ಕೆ ಇಳಿಸಿತು.

ಆದರೆ ಕಾರು ವಿದ್ಯುತ್ತಿನಿಂದ ಓಡಿದರೂ ರಸ್ತೆಯಲ್ಲಿ ಅದು ಆಕ್ರಮಿಸುವ ಜಾಗ ಅಷ್ಟೇ. ಹೊಗೆಯೊಂದಿಗೆ ದಟ್ಟಣೆಯೂ ತಗ್ಗಬೇಕಾದರೆ ಬಸ್ಸೇ ದಾರಿ. ವಿದ್ಯುತ್ ಬಸ್ಸಿನ ಬೆಲೆ ಡೀಸೆಲ್ ಬಸ್ಸಿಗಿಂತ ಬಹಳ ಹೆಚ್ಚು. ಆದ್ದರಿಂದ ಬಿಎಂಟಿಸಿ ಅವುಗಳನ್ನು ಗುತ್ತಿಗೆಗೆ ಪಡೆಯುತ್ತದೆ. ಬಸ್, ಚಾಲಕ, ನಿರ್ವಹಣೆ ಖಾಸಗಿ ಕಂಪನಿಯವು. ನಿರ್ವಾಹಕ, ಟಿಕೆಟ್ ಹಣ ಸಂಸ್ಥೆಯವು. ಓಡಿದ ಕಿಲೋಮೀಟರಿಗೆ ಇಂತಿಷ್ಟು ಬಾಡಿಗೆ.

ಪಿಎಂ ಇ-ಡ್ರೈವ್ ಯೋಜನೆಯಡಿ 2025ರಲ್ಲಿ ಬೆಂಗಳೂರಿಗೆ 4,500 ಬಸ್ಸುಗಳು ಹಂಚಿಕೆಯಾದವು. ಕೇಂದ್ರದ ಸಹಾಯಧನ ಆರಂಭದ ವೆಚ್ಚವನ್ನು ತಗ್ಗಿಸುತ್ತದೆ. ಬಾಡಿಗೆಯ ಹೊರೆ ವರ್ಷಗಟ್ಟಲೆ ಸಂಸ್ಥೆಯದೇ. ಟಿಕೆಟ್ ಹಣ ಸಾಲದಿದ್ದರೆ ರಾಜ್ಯ ಸರ್ಕಾರವೇ ಕೊರತೆ ತುಂಬಬೇಕು. ಇಲ್ಲವಾದರೆ ಅದು ಪ್ರಯಾಣಿಕನ ಜೇಬಿಗೆ ಬೀಳುವುದು.